ಕಮೋಡೋರ್ ಯಂತ್ರಗಳನ್ನು ಮುಂದಿಟ್ಟುಕೊಂಡು ಒಂದು ಕಂಪನಿಯ ಇತಿಹಾಸ ಬರೆಯುವ ಬಗೆ

ಕಂಪ್ಯೂಟರ್ ತಯಾರಿಸಿದ ಕಂಪನಿಯೊಂದರ ಇತಿಹಾಸ ಬರೆಯಲು ಕುಳಿತವರ ಕೈಗೆ ಮೊದಲು ಸಿಗುವುದು ಮಾದರಿಗಳ ಪಟ್ಟಿ. ಯಾವ ವರ್ಷ ಯಾವ ಯಂತ್ರ ಬಂತು, ಅದರ ಮೆಮೊರಿ ಎಷ್ಟು, ಬೆಲೆ ಎಷ್ಟು, ಕಂಪನಿ ಯಾವಾಗ ಮುಚ್ಚಿತು ಎಂಬ ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಕೆಲಸ ಮುಗಿದಂತೆ ಕಾಣುತ್ತದೆ. ಆದರೆ ಕಮೋಡೋರ್ ಕಂಪನಿಯ ಗೃಹ ಕಂಪ್ಯೂಟರಾದ ವಿಕ್-20 ಯಂತ್ರದ ಪರದೆಯಲ್ಲಿ ಒಂದು ಸಾಲಿಗೆ 22 ಅಕ್ಷರಗಳಷ್ಟೇ ಏಕೆ ಹಿಡಿಸುತ್ತಿದ್ದವು, ತನ್ನದೇ ಪ್ರೊಸೆಸರ್ ಇದ್ದ 1541 ಡಿಸ್ಕ್ ಡ್ರೈವ್ ಏಕೆ ಅಷ್ಟು ನಿಧಾನವಾಗಿತ್ತು, ಕಮೋಡೋರ್ 64 ಯಂತ್ರದ ಬೆಲೆಯನ್ನು ಎದುರಾಳಿಗಳು ಮುಟ್ಟಲಾರದಷ್ಟು ಕೆಳಗೆ ಇಳಿಸಲು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗಳಿಗೆ ಆ ಪಟ್ಟಿಯಲ್ಲಿ ಉತ್ತರ ಇರುವುದಿಲ್ಲ. ಉತ್ತರ ಇರುವುದು ಯಂತ್ರದ ಒಳಗೆ, ಅದರ ಬೋರ್ಡಿನ ಮೇಲೆ, ಚಿಪ್‌ಗಳ ಮೇಲೆ ಅಚ್ಚಾದ ಅಂಕಿಗಳಲ್ಲಿ. ಆ ಉತ್ತರವನ್ನು ಹೊರತೆಗೆಯುವ ಕ್ರಮವನ್ನು ಕಮೋಡೋರ್ ಕಂಪನಿಯ ಉದಾಹರಣೆಯ ಮೂಲಕ ಇಲ್ಲಿ ವಿವರಿಸಿದ್ದೇನೆ. ಬೇರೆ ಕಂಪನಿಗಳಿಗೂ ಇದೇ ಕ್ರಮ ಬಹುಮಟ್ಟಿಗೆ ಹೊಂದುತ್ತದೆಯಾದರೂ ಇಷ್ಟು ಸ್ಪಷ್ಟವಾಗಿ ಓದಲು ಸಿಗುವ ಕಂಪನಿಗಳು ಕಡಿಮೆ.

ಮೊದಲು ಎಳೆಯನ್ನು ಕಂಡುಕೊಳ್ಳಿ

ಬರೆಯಲು ಆರಂಭಿಸುವ ಮೊದಲು, ಈ ಕಂಪನಿ ಉಳಿದವುಗಳಿಂದ ಯಾವ ಒಂದು ಸಂಗತಿಯಲ್ಲಿ ಬೇರೆಯಾಗಿತ್ತು ಎಂಬ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಬರೆದಿಟ್ಟುಕೊಳ್ಳಬೇಕು. ಕಮೋಡೋರ್‌ನ ಮಟ್ಟಿಗೆ ಆ ಉತ್ತರ ಹೀಗಿದೆ: ತನ್ನ ಕಂಪ್ಯೂಟರುಗಳಿಗೆ ಬೇಕಾದ ಮುಖ್ಯ ಚಿಪ್‌ಗಳನ್ನು ವಿನ್ಯಾಸ ಮಾಡಿ ತಯಾರಿಸುವ ಕಾರ್ಖಾನೆ ಅದರ ಕೈಯಲ್ಲೇ ಇತ್ತು.

ಆ ಕಾರ್ಖಾನೆ ಕಮೋಡೋರ್‌ನ ಕೈಗೆ ಬಂದದ್ದು ಒಂದು ಪೆಟ್ಟಿನ ಫಲವಾಗಿ. ಕಂಪನಿಯನ್ನು ಕಟ್ಟಿದ ಜ್ಯಾಕ್ ಟ್ರಮಿಯೆಲ್ 1928ರಲ್ಲಿ ಪೋಲೆಂಡಿನ ವುಚ್ ನಗರದಲ್ಲಿ ಹುಟ್ಟಿದವರು. ಆಶ್ವಿಟ್ಜ್ ಶಿಬಿರದಿಂದ ಬದುಕುಳಿದು, ಯುದ್ಧದ ನಂತರ ಅಮೆರಿಕಕ್ಕೆ ಬಂದು, ಸೇನೆಯಲ್ಲಿ ಟೈಪ್‌ರೈಟರ್ ದುರಸ್ತಿ ಕಲಿತು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಅದನ್ನೇ ವೃತ್ತಿಯಾಗಿಸಿಕೊಂಡು, 1950ರ ದಶಕದಲ್ಲಿ ಕೆನಡಾದ ಟೊರೊಂಟೊದಲ್ಲಿ ಕಮೋಡೋರ್ ಹೆಸರಿನ ವ್ಯಾಪಾರ ಆರಂಭಿಸಿದರು. ಟೈಪ್‌ರೈಟರ್ ನಂತರ ಕೂಡುವ ಯಂತ್ರಗಳು ಬಂದವು, ಅವುಗಳ ನಂತರ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರುಗಳು ಬಂದವು. ಕ್ಯಾಲ್ಕುಲೇಟರಿನ ಚಿಪ್‌ಗಳನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಿಂದ ಕೊಳ್ಳಬೇಕಾಗಿತ್ತು. ಅದೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1970ರ ದಶಕದ ನಡುವಿನಲ್ಲಿ ತಾನೇ ಕ್ಯಾಲ್ಕುಲೇಟರುಗಳನ್ನು, ಬಿಡಿಭಾಗಗಳನ್ನು ಕೊಂಡವರಿಗೆ ತಗಲುತ್ತಿದ್ದ ವೆಚ್ಚಕ್ಕಿಂತ ಕಡಿಮೆ ಬೆಲೆಗೆ, ಮಾರತೊಡಗಿದಾಗ ಕಮೋಡೋರ್ ನೆಲಕಚ್ಚುವ ಸ್ಥಿತಿ ತಲುಪಿತು. ಇನ್ನೊಬ್ಬರ ಚಿಪ್ಪನ್ನು ನಂಬಿ ವ್ಯಾಪಾರ ಮಾಡಬಾರದೆಂಬ ಪಾಠ ಕಲಿತ ಟ್ರಮಿಯೆಲ್, ಹೂಡಿಕೆದಾರ ಅರ್ವಿಂಗ್ ಗೂಲ್ಡ್ ಅವರ ಹಣದ ಬೆಂಬಲದಿಂದ 1976ರಲ್ಲಿ ಪೆನ್ಸಿಲ್ವೇನಿಯಾದ ಮಾಸ್ ಟೆಕ್ನಾಲಜಿ ಕಂಪನಿಯನ್ನು ಕೊಂಡರು.

ಮಾಸ್ ಟೆಕ್ನಾಲಜಿಯ ಜೊತೆಗೆ ಚಕ್ ಪೆಡಲ್ ಬಂದರು. ಮೊಟೊರೋಲಾದಲ್ಲಿ 6800 ಪ್ರೊಸೆಸರಿನ ತಂಡದಲ್ಲಿದ್ದು, ಅಲ್ಲಿಂದ ಹೊರಬಂದು, 1975ರಲ್ಲಿ 6502 ಎಂಬ ಪ್ರೊಸೆಸರನ್ನು 25 ಡಾಲರಿಗೆ ಮಾರಾಟಕ್ಕಿಟ್ಟ ತಂಡದ ಮುಂದಾಳು ಅವರು. ಅದೇ ವರ್ಗದ ಬೇರೆ ಪ್ರೊಸೆಸರುಗಳಿಗೆ ನೂರಾರು ಡಾಲರ್ ಕೇಳುತ್ತಿದ್ದ ಕಾಲವದು. ಕ್ಯಾಲ್ಕುಲೇಟರಿನ ಕಾಲ ಮುಗಿಯಿತು, ಇನ್ನು ಕಂಪ್ಯೂಟರ್ ಮಾಡಬೇಕು ಎಂದು ಟ್ರಮಿಯೆಲ್ ಅವರಿಗೆ ಮನವರಿಕೆ ಮಾಡಿಕೊಟ್ಟವರೂ ಪೆಡಲ್ ಅವರೇ. ಈ ಒಂದು ಎಳೆಯನ್ನು ಹಿಡಿದುಕೊಂಡರೆ ಮುಂದಿನ 18 ವರ್ಷಗಳ ಯಂತ್ರಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಎಳೆ ಇಲ್ಲದೆ ಬರೆದರೆ ಅವೆಲ್ಲ ಬಿಡಿಬಿಡಿಯಾಗಿಯೇ ಉಳಿಯುತ್ತವೆ.

ದಿನಾಂಕಗಳನ್ನು ದಾಖಲಿಸುವ ಕ್ರಮ

ಪ್ರತಿ ಯಂತ್ರಕ್ಕೂ ಒಂದು ವರ್ಷ ಬರೆದು ಸುಮ್ಮನಾಗಬೇಡಿ. ಕನಿಷ್ಠ ಮೂರು ದಿನಾಂಕಗಳಿಗೆ ಜಾಗ ಬಿಡಿ: ಪ್ರದರ್ಶನದಲ್ಲಿ ತೋರಿಸಿದ್ದು, ಅಂಗಡಿಗೆ ಬಂದದ್ದು, ತಯಾರಿಕೆ ನಿಂತದ್ದು. ನಾಲ್ಕನೆಯದಾಗಿ ದೇಶದ ಹೆಸರು ಬೇಕು. ಕಮೋಡೋರ್ 64 ಯಂತ್ರವನ್ನು 1982ರ ಜನವರಿಯಲ್ಲಿ ಲಾಸ್ ವೇಗಸ್‌ನ ಪ್ರದರ್ಶನದಲ್ಲಿ ತೋರಿಸಿದರು. ಅದು 595 ಡಾಲರ್ ಬೆಲೆಗೆ ಜನರ ಕೈ ಸೇರಿದ್ದು ಅದೇ ವರ್ಷದ ಆಗಸ್ಟ್ ಹೊತ್ತಿಗೆ. ವಿಕ್-20 ಯಂತ್ರವಂತೂ 1980ರ ಕೊನೆಯಲ್ಲಿ ಜಪಾನಿನಲ್ಲಿ ವಿಕ್-1001 ಎಂಬ ಹೆಸರಿನಲ್ಲಿ ಮೊದಲು ಕಾಣಿಸಿಕೊಂಡು, 1981ರಲ್ಲಿ ಉತ್ತರ ಅಮೆರಿಕಕ್ಕೆ ಬಂದು, ಜರ್ಮನಿಯಲ್ಲಿ ವಿಸಿ-20 ಆಯಿತು. ಇದನ್ನು ಗಮನಿಸದವರು ಒಂದೇ ಯಂತ್ರಕ್ಕೆ 1980 ಎಂದೂ 1981 ಎಂದೂ ಬರೆದ ಎರಡು ಮೂಲಗಳನ್ನು ನೋಡಿ ಒಂದನ್ನು ತಪ್ಪೆಂದು ತಳ್ಳಿಹಾಕುತ್ತಾರೆ. ಎರಡೂ ಸರಿ ಇರಬಹುದು.

ಸ್ಥಾಪನೆಯ ವರ್ಷದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ವ್ಯಾಪಾರ ಆರಂಭವಾದದ್ದು, ಆ ಹೆಸರಿನ ಕಂಪನಿ ನೋಂದಣಿಯಾದದ್ದು, ಷೇರುಗಳು ಸಾರ್ವಜನಿಕರಿಗೆ ದೊರೆತದ್ದು ಬೇರೆ ಬೇರೆ ಘಟನೆಗಳು. ಕಮೋಡೋರ್‌ನ ಷೇರುಗಳು ಸಾರ್ವಜನಿಕವಾದದ್ದು 1962ರಲ್ಲಿ. ಮುಂದೆ ಬಹಾಮಾಸ್‌ನಲ್ಲಿ ನೋಂದಣಿಯಾದ ಕಮೋಡೋರ್ ಇಂಟರ್‌ನ್ಯಾಷನಲ್ ಎಂಬ ಮಾತೃ ಕಂಪನಿಯೇ ಬೇರೆ, ಪೆನ್ಸಿಲ್ವೇನಿಯಾದ ವೆಸ್ಟ್ ಚೆಸ್ಟರ್‌ನಲ್ಲಿ ಕಂಪ್ಯೂಟರಿನ ಕೆಲಸ ನಡೆಸಿದ ಕಮೋಡೋರ್ ಬಿಸಿನೆಸ್ ಮಷೀನ್ಸ್ ಬೇರೆ. ಬರಹದಲ್ಲಿ ಕಮೋಡೋರ್ ಎಂಬ ಒಂದೇ ಹೆಸರನ್ನು ಬಳಸಬಹುದು, ಆದರೆ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಘಟನೆಯ ಎದುರಿಗೆ ಯಾವ ಘಟಕದ ಮಾತು ಎಂಬುದನ್ನು ಗುರುತಿಸಿಕೊಳ್ಳಿ. ಮುಂದೆ ದಿವಾಳಿತನದ ಅಧ್ಯಾಯಕ್ಕೆ ಬಂದಾಗ ಈ ಶ್ರಮ ಉಪಯೋಗಕ್ಕೆ ಬರುತ್ತದೆ.

ಯಂತ್ರಕ್ಕೆ ವಿದ್ಯುತ್ ಕೊಡುವ ಮುನ್ನ

ಕಮೋಡೋರ್ 64 ಯಂತ್ರದ ಜೊತೆಗೆ ಬಂದ ಮೂಲ ವಿದ್ಯುತ್ ಪೆಟ್ಟಿಗೆಯನ್ನು ಹಾಗೆಯೇ ಜೋಡಿಸಬೇಡಿ. ಅದು 5 ವೋಲ್ಟ್ ನೇರ ವಿದ್ಯುತ್ತನ್ನೂ 9 ವೋಲ್ಟ್ ಪರ್ಯಾಯ ವಿದ್ಯುತ್ತನ್ನೂ ಕೊಡುತ್ತದೆ. ಅನೇಕ ಪೆಟ್ಟಿಗೆಗಳ ಒಳಭಾಗವನ್ನು ಎಪಾಕ್ಸಿ ತುಂಬಿ ಮುಚ್ಚಿರುವುದರಿಂದ ಶಾಖ ಹೊರಹೋಗದೆ ವರ್ಷಗಳು ಕಳೆದಂತೆ 5 ವೋಲ್ಟಿನ ನಿಯಂತ್ರಕ ಕೆಡುತ್ತದೆ. ಕೆಟ್ಟಾಗ ಅದು ಸುಮ್ಮನೆ ನಿಲ್ಲುವುದಿಲ್ಲ, ವೋಲ್ಟೇಜನ್ನು ಮೇಲಕ್ಕೆ ಬಿಡುತ್ತದೆ. ಒಂದು ಕ್ಷಣದಲ್ಲಿ ಮೆಮೊರಿ ಚಿಪ್‌ಗಳು ಸುಟ್ಟುಹೋಗುತ್ತವೆ, ಅವುಗಳ ಜೊತೆಗೆ ಇನ್ನೆಲ್ಲೂ ತಯಾರಾಗದ ಚಿಪ್‌ಗಳೂ ಹೋಗುತ್ತವೆ. ಮಲ್ಟಿಮೀಟರ್ ಹಿಡಿದು, ಹೊರೆಯ ಸಹಿತ ಅಳೆದು, 5.25 ವೋಲ್ಟ್ ದಾಟುವ ಪೆಟ್ಟಿಗೆಯನ್ನು ಬದಿಗಿಡಿ. ಇಂದು ಸರಿಯಾಗಿದ್ದದ್ದು ನಾಳೆ ಕೆಡಬಹುದಾದ್ದರಿಂದ, ಹೊಸದಾಗಿ ತಯಾರಿಸಿದ ಪೆಟ್ಟಿಗೆಯನ್ನೇ ಬಳಸುವುದು ಉತ್ತಮವೆಂಬುದು ನನ್ನ ಖಚಿತ ಅಭಿಪ್ರಾಯ.

ಕಮೋಡೋರ್ ಆಮೇಲೆ ತಂದ ಅಮಿಗಾ ಎಂಬ ಕಂಪ್ಯೂಟರ್ ಸಾಲಿನ ಯಂತ್ರಗಳಲ್ಲಿ ಅಪಾಯ ಬೇರೆ ಕಡೆ ಇದೆ. ಅಮಿಗಾ 2000, 3000, 4000 ಮತ್ತು 500 ಪ್ಲಸ್ ಮಾದರಿಗಳ ಬೋರ್ಡಿನ ಮೇಲೆ ಗಡಿಯಾರಕ್ಕೆಂದು ಬೆಸೆದ ಪುನರ್ಭರ್ತಿ ಬ್ಯಾಟರಿ ಇದೆ. ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. 600, 1200, 4000 ಮತ್ತು ಸಿಡಿ32 ಮಾದರಿಗಳಲ್ಲಿ ಬೋರ್ಡಿನ ಮೇಲ್ಮೈಗೆ ಬೆಸೆದ ಸಣ್ಣ ಕೆಪಾಸಿಟರುಗಳು ಸೋರುತ್ತವೆ. ಯಂತ್ರವನ್ನು ತೆರೆದ ಕೂಡಲೇ ಬ್ಯಾಟರಿಯ ಸ್ಥಿತಿಯ ಚಿತ್ರ ತೆಗೆದು, ಅದನ್ನು ಬಿಡಿಸಿ, ಆ ಮೇಲೆ ಮುಂದಿನ ಕೆಲಸಕ್ಕೆ ಹೋಗಿ.

ಓದಲು ಬೇಕಾದ ಅಂಕಿಗಳೆಲ್ಲ ವಿದ್ಯುತ್ ಇಲ್ಲದೆಯೇ ಕಾಣುತ್ತವೆ ಎಂಬುದನ್ನೂ ನೆನಪಿಡಿ. ಇತಿಹಾಸಕ್ಕೆ ಯಂತ್ರ ನಡೆಯಲೇಬೇಕೆಂದಿಲ್ಲ.

ಚಿಪ್‌ಗಳ ಮೇಲಿನ ಅಂಕಿಗಳನ್ನು ಓದುವುದು

ಈ ಕೆಲಸದ ಹೃದಯಭಾಗ ಇದೇ ಆದ್ದರಿಂದ ಇದಕ್ಕೆ ಸಾಕಷ್ಟು ಸಮಯ ಕೊಡಿ. ಒಳ್ಳೆಯ ಬೆಳಕಿನಲ್ಲಿ, ಓರೆಯಾಗಿ ಬೆಳಕು ಬೀಳುವಂತೆ ಮಾಡಿ, ಬೋರ್ಡಿನ ಇಡೀ ಚಿತ್ರವನ್ನೂ ಪ್ರತಿ ಚಿಪ್ಪಿನ ಹತ್ತಿರದ ಚಿತ್ರವನ್ನೂ ತೆಗೆಯಿರಿ. ಚಿಪ್ಪಿನ ಮೇಲೆ ಸಾಮಾನ್ಯವಾಗಿ ಎರಡು ಸಾಲುಗಳಿರುತ್ತವೆ: ಭಾಗದ ಸಂಖ್ಯೆ ಒಂದು, ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳು ಇನ್ನೊಂದು.

ಹೊಸಬರು ಎಡವುವುದು ಇಲ್ಲಿ. ಬಹುತೇಕ ಚಿಪ್ ತಯಾರಕರು ವರ್ಷವನ್ನು ಮೊದಲು, ವಾರವನ್ನು ಆಮೇಲೆ ಬರೆಯುತ್ತಾರೆ. ಹಾಗಾಗಿ 8423 ಎಂದರೆ 1984ರ 23ನೆಯ ವಾರ. ಮಾಸ್ ಟೆಕ್ನಾಲಜಿಯ ಚಿಪ್‌ಗಳಲ್ಲಿ ವಾರ ಮೊದಲು, ವರ್ಷ ಆಮೇಲೆ. ಅಲ್ಲಿ ಅದೇ ವಾರವನ್ನು 2384 ಎಂದು ಕಾಣುತ್ತೀರಿ. ಎರಡೂ ಬಗೆಯ ಚಿಪ್‌ಗಳು ಒಂದೇ ಬೋರ್ಡಿನ ಮೇಲೆ ಅಕ್ಕಪಕ್ಕ ಕುಳಿತಿರುತ್ತವೆ. ಗೊಂದಲ ಬಗೆಹರಿಸುವ ಸುಲಭ ನಿಯಮವೊಂದಿದೆ: ವರ್ಷದಲ್ಲಿ 53ಕ್ಕಿಂತ ಹೆಚ್ಚು ವಾರಗಳಿರುವುದಿಲ್ಲ, ಕಮೋಡೋರ್ ಕಂಪ್ಯೂಟರುಗಳ ಕಾಲವೆಲ್ಲ 1976ರ ನಂತರದ್ದು. ಆದ್ದರಿಂದ ನಾಲ್ಕಂಕಿಯ ಎರಡು ಭಾಗಗಳಲ್ಲಿ 53ನ್ನು ಮೀರಿದ ಭಾಗವೇ ವರ್ಷ.

ಎಲ್ಲ ಚಿಪ್‌ಗಳ ದಿನಾಂಕಗಳನ್ನು ಬರೆದುಕೊಂಡ ಮೇಲೆ, ಬೋರ್ಡಿಗೆ ನೇರವಾಗಿ ಬೆಸೆದ ಚಿಪ್‌ಗಳಲ್ಲಿ ಎಲ್ಲಕ್ಕಿಂತ ಇತ್ತೀಚಿನದನ್ನು ಆರಿಸಿ. ಯಂತ್ರ ಅದಕ್ಕಿಂತ ಮೊದಲು ಜೋಡಣೆಯಾಗಿರಲು ಸಾಧ್ಯವಿಲ್ಲ. ಸಾಮಾನ್ಯವಾಗಿ ಅದರ ನಂತರದ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಜೋಡಣೆಯಾಗಿರುತ್ತದೆ. ಸಾಕೆಟ್‌ನಲ್ಲಿ ಕುಳಿತ ಚಿಪ್‌ಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಏಕೆಂದರೆ ದುರಸ್ತಿಯ ಸಮಯದಲ್ಲಿ ಯಾರೋ ಬದಲಿಸಿರಬಹುದು. ಉಳಿದವೆಲ್ಲ 1983ರವಾಗಿದ್ದು ಒಂದು ಧ್ವನಿ ಚಿಪ್ ಮಾತ್ರ 1987ರದ್ದಾಗಿದ್ದರೆ ಅದು ಯಂತ್ರದ ಹುಟ್ಟಿನ ಸಾಕ್ಷಿಯಲ್ಲ, ಅದರ ಜೀವನದ ಸಾಕ್ಷಿ. ಬೆಸೆದ ಚಿಪ್ಪಿನ ಕಾಲುಗಳ ಸುತ್ತ ಅಂಟಿನ ಕಲೆಯೋ ಹೊಸ ಬೆಸುಗೆಯ ಹೊಳಪೋ ಇದ್ದರೆ ಅದನ್ನೂ ಅನುಮಾನದಿಂದಲೇ ನೋಡಿ.

ಮುಂದೆ ಬೋರ್ಡಿನ ಮೇಲೆ ಅಚ್ಚಾದ ಅಸೆಂಬ್ಲಿ ಸಂಖ್ಯೆಯನ್ನು ಹುಡುಕಿ. ಕಮೋಡೋರ್ 64ರಲ್ಲಿ 326298 ಎಂಬುದು ಮೊದಮೊದಲಿನ ಬೋರ್ಡು. ನಂತರ 250407, 250425, 250466 ಬಂದವು, ಕೊನೆಯ ಕಾಲದಲ್ಲಿ 250469 ಎಂಬ ಚಿಕ್ಕ ಬೋರ್ಡು ಬಂತು. ಇವುಗಳನ್ನು ಪಕ್ಕಪಕ್ಕದಲ್ಲಿಟ್ಟು ಮೆಮೊರಿ ಚಿಪ್‌ಗಳನ್ನು ಎಣಿಸಿದರೆ ಸಾಕು, ಕಂಪನಿಯ ಆರ್ಥಿಕ ನೀತಿ ಕಣ್ಣಿಗೆ ಕಾಣುತ್ತದೆ. ಹಳೆಯ ಬೋರ್ಡುಗಳಲ್ಲಿ 64 ಕಿಲೋಬೈಟ್ ಮೆಮೊರಿಗೆ ಎಂಟು ಚಿಪ್‌ಗಳಿದ್ದವು, 250466ರ ಹೊತ್ತಿಗೆ ಎರಡಕ್ಕೆ ಇಳಿದವು, ಚಿಕ್ಕ ಬೋರ್ಡಿನಲ್ಲಿ ಬಿಡಿ ತರ್ಕ ಚಿಪ್‌ಗಳನ್ನೂ ಒಂದೇ ದೊಡ್ಡ ಚಿಪ್ಪಿನೊಳಗೆ ಸೇರಿಸಿಬಿಟ್ಟರು. ಹೊರಗಿನಿಂದ ಒಂದೇ ಹೆಸರು ಹೊತ್ತ ಯಂತ್ರವನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಳಗಿನಿಂದ ಅಗ್ಗ ಮಾಡುತ್ತಲೇ ಹೋದರು. ಸ್ವಂತ ಚಿಪ್ ಕಾರ್ಖಾನೆ ಇದ್ದ ಕಾರಣಕ್ಕೆ ಇದು ಸಲೀಸಾಗಿ ಸಾಧ್ಯವಾಯಿತು. 1983ರಲ್ಲಿ ಬೆಲೆಯನ್ನು ಸುಮಾರು 200 ಡಾಲರಿಗೆ ಇಳಿಸಿ ಕಮೋಡೋರ್ ಯುದ್ಧಕ್ಕೆ ಇಳಿದಾಗ, ಅದೇ ವರ್ಷದ ಅಕ್ಟೋಬರಿನಲ್ಲಿ ಗೃಹ ಕಂಪ್ಯೂಟರ್ ವ್ಯಾಪಾರದಿಂದ ಹಿಂದೆ ಸರಿದದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ಕ್ಯಾಲ್ಕುಲೇಟರಿನ ಕಾಲದ ಲೆಕ್ಕ ಹೀಗೆ ತೀರಿತು.

ಹೊರಕವಚವನ್ನು ಮಾತ್ರ ನೋಡಿ ಕಾಲ ನಿರ್ಧರಿಸುವುದು ಸಲ್ಲದು. 1986ರಲ್ಲಿ ತೆಳುವಾದ ಹೊಸ ಕವಚದ ಕಮೋಡೋರ್ 64ಸಿ ಬಂದ ನಂತರವೂ ಯುರೋಪಿನಲ್ಲಿ ಹಳೆಯ ಆಕಾರದ, ತಿಳಿಬಣ್ಣದ ಕವಚದೊಳಗೆ ಹೊಸ ಬೋರ್ಡು ಕೂರಿಸಿ ಮಾರಿದ್ದುಂಟು.

ಚಿತ್ರ ಚಿಪ್ಪಿನ ಸಂಖ್ಯೆಯಿಂದ ಯಂತ್ರ ಯಾವ ದೂರದರ್ಶನ ಪದ್ಧತಿಯದ್ದೆಂದು ತಿಳಿಯುತ್ತದೆ. 6567 ಆಗಿದ್ದರೆ ಅಮೆರಿಕದ ಎನ್‌ಟಿಎಸ್‌ಸಿ, 6569 ಆಗಿದ್ದರೆ ಯುರೋಪಿನ ಪಾಲ್. ಮೊದಲಿನದರಲ್ಲಿ ಪ್ರೊಸೆಸರ್ ಸೆಕೆಂಡಿಗೆ ಸುಮಾರು 10.23 ಲಕ್ಷ ಬಾರಿ ಮಿಡಿಯುತ್ತದೆ, ಎರಡನೆಯದರಲ್ಲಿ ಸುಮಾರು 9.85 ಲಕ್ಷ ಬಾರಿ. ಅತ್ಯಂತ ಮೊದಲಿನ 6567 ಚಿಪ್‌ಗಳ ಮೇಲೆ ಆರ್56ಎ ಎಂದಿರುತ್ತದೆ. ಅವು ಪರದೆಯ ಒಂದು ಗೆರೆಗೆ 64 ಮಿಡಿತಗಳನ್ನು ತೆಗೆದುಕೊಳ್ಳುತ್ತವೆ, ನಂತರದ ಆರ್8 ಚಿಪ್‌ಗಳು 65ನ್ನು ತೆಗೆದುಕೊಳ್ಳುತ್ತವೆ. ಒಂದು ಮಿಡಿತದ ಈ ವ್ಯತ್ಯಾಸದಿಂದಲೇ ಸಮಯವನ್ನು ನಿಖರವಾಗಿ ಎಣಿಸಿ ಬರೆದ ಪ್ರೋಗ್ರಾಮುಗಳು ಒಂದು ಯಂತ್ರದಲ್ಲಿ ಸರಿಯಾಗಿ ನಡೆದು ಇನ್ನೊಂದರಲ್ಲಿ ಕಂಪಿಸುತ್ತವೆ.

ದೋಷಗಳಿಂದ ಕಾರಣಕ್ಕೆ ಹೋಗುವುದು

ಯಂತ್ರದ ಹೆಗ್ಗಳಿಕೆಗಳನ್ನು ಕಂಪನಿಯ ಜಾಹೀರಾತುಗಳೇ ಹೇಳುತ್ತವೆ. ಇತಿಹಾಸಕಾರರಿಗೆ ಹೆಚ್ಚು ಬೆಲೆಯುಳ್ಳವು ದೋಷಗಳು, ಏಕೆಂದರೆ ಪ್ರತಿ ದೋಷದ ಹಿಂದೆಯೂ ಯಾರೋ ಒತ್ತಡದಲ್ಲಿ ತೆಗೆದುಕೊಂಡ ತೀರ್ಮಾನವಿರುತ್ತದೆ. ನಿಮ್ಮ ಟಿಪ್ಪಣಿಯಲ್ಲಿ ಪ್ರತಿ ಯಂತ್ರದ ವಿಚಿತ್ರ ಸಂಗತಿಗಳಿಗೆ ಒಂದು ಪುಟ ಮೀಸಲಿಟ್ಟು, ಪ್ರತಿಯೊಂದನ್ನೂ ಹಿಂದಕ್ಕೆ ಅಟ್ಟಿಸಿಕೊಂಡು ಹೋಗಿ.

ವಿಕ್-20ರ 22 ಅಕ್ಷರಗಳ ಸಾಲನ್ನೇ ತೆಗೆದುಕೊಳ್ಳಿ. ಪರದೆಯ ಚಿತ್ರ ಮೂಡಿಸುವ ಅದರ ವಿಕ್ ಚಿಪ್ಪನ್ನು ಮಾಸ್ ಟೆಕ್ನಾಲಜಿಯ ಆಲ್ ಶಾರ್ಪೆಂಟಿಯರ್ 1977ರ ಸುಮಾರಿಗೆ ವಿನ್ಯಾಸ ಮಾಡಿದಾಗ ಮನಸ್ಸಿನಲ್ಲಿದ್ದುದು ಬೇರೆ ಕಂಪನಿಗಳ ಆಟದ ಯಂತ್ರಗಳು ಮತ್ತು ಅಗ್ಗದ ಪರದೆಗಳು. ಕೊಳ್ಳುವವರು ಸಿಗಲಿಲ್ಲ. ಕೈಯಲ್ಲಿ ಉಳಿದಿದ್ದ ಆ ಚಿಪ್ಪಿನ ಸುತ್ತ ಕಟ್ಟಿದ, 5 ಕಿಲೋಬೈಟ್ ಮೆಮೊರಿಯ, 300 ಡಾಲರಿಗೂ ಒಳಗಿನ ಬೆಲೆಯ ಯಂತ್ರವೇ ವಿಕ್-20. ಹತ್ತು ಲಕ್ಷಕ್ಕಿಂತ ಹೆಚ್ಚು ಮಾರಾಟವಾದ ಮೊದಲ ಕಂಪ್ಯೂಟರ್ ಮಾದರಿ ಎಂಬ ಸ್ಥಾನ ಅದಕ್ಕೆ ಸಂದಿತು. ಮಾರಾಟವಾಗದ ಚಿಪ್ಪೊಂದು ಇಂಥ ಯಂತ್ರವಾಗಲು, ಚಿಪ್ ಮಾಡುವವರೂ ಕಂಪ್ಯೂಟರ್ ಮಾಡುವವರೂ ಒಂದೇ ಕಂಪನಿಯಲ್ಲಿ ಇರಬೇಕಾಗಿತ್ತು.

ಡಿಸ್ಕ್ ಡ್ರೈವ್‌ನ ನಿಧಾನಗತಿಯ ಮೂಲವೂ ವಿಕ್-20ರಲ್ಲೇ ಇದೆ. ಕಂಪ್ಯೂಟರ್ ಮತ್ತು ಡ್ರೈವ್ ನಡುವೆ ಒಂದೊಂದೇ ಬಿಟ್ ಸಾಗಿಸುವ ಕೆಲಸವನ್ನು 6522 ಚಿಪ್ಪಿನ ಶಿಫ್ಟ್ ರಿಜಿಸ್ಟರ್‌ಗೆ ವಹಿಸಬೇಕೆಂಬ ಯೋಜನೆಯಿತ್ತು. ಆ ರಿಜಿಸ್ಟರ್‌ನಲ್ಲಿ ದೋಷವಿದ್ದುದರಿಂದ ಬಿಟ್‌ಗಳನ್ನು ಪ್ರೋಗ್ರಾಮಿನ ಮೂಲಕವೇ ಒಂದೊಂದಾಗಿ ತಳ್ಳಬೇಕಾಯಿತು. ಕಮೋಡೋರ್ 64 ಬಂದಾಗ ಹಳೆಯ ಉಪಕರಣಗಳ ಜೊತೆಗಿನ ಹೊಂದಾಣಿಕೆಗಾಗಿ ಅದೇ ವಿಧಾನ ಉಳಿಯಿತು. ಅದರ ಮೇಲೆ, ಹೊಸ ಚಿತ್ರ ಚಿಪ್ ಪರದೆಯ ಪ್ರತಿ ಎಂಟನೆಯ ಗೆರೆಗೆ ಪ್ರೊಸೆಸರನ್ನು ತಡೆದು ನಿಲ್ಲಿಸುತ್ತಿದ್ದುದರಿಂದ ಸಂವಹನವನ್ನು ಇನ್ನಷ್ಟು ನಿಧಾನಗೊಳಿಸಬೇಕಾಯಿತು. ವಿಕ್-20ರ ಜೊತೆಗಿದ್ದ 1540 ಡ್ರೈವ್ 1541 ಆಗಿ ಬದಲಾದದ್ದು ಈ ಕಾರಣಕ್ಕೆ. ಫಲವಾಗಿ ಮೂಲ ವಿಧಾನದಲ್ಲಿ ಸೆಕೆಂಡಿಗೆ ಸುಮಾರು 400 ಬೈಟ್‌ಗಳಷ್ಟೇ ಸಾಗುತ್ತಿದ್ದವು. ಡ್ರೈವ್‌ನೊಳಗೆ 6502 ಪ್ರೊಸೆಸರೂ 2 ಕಿಲೋಬೈಟ್ ಮೆಮೊರಿಯೂ ಇದ್ದುದರಿಂದಲೇ, ಬಳಕೆದಾರರು ಅದರೊಳಗೆ ತಮ್ಮದೇ ಪ್ರೋಗ್ರಾಮು ಕಳುಹಿಸಿ ವೇಗ ಹೆಚ್ಚಿಸುವ ಉಪಾಯಗಳನ್ನು ಕಂಡುಕೊಂಡರು, ಅದೊಂದು ಉದ್ಯಮವೇ ಆಯಿತು. ನೋಡಿ, ಒಂದು ಚಿಪ್ಪಿನ ಒಂದು ದೋಷ ಎಷ್ಟು ದೂರ ಕರೆದುಕೊಂಡು ಹೋಗುತ್ತದೆ.

ಕಮೋಡೋರ್ 64ರ ಧ್ವನಿ ಚಿಪ್ ಸಿಡ್ ವಿಷಯದಲ್ಲೂ ಹೀಗೆಯೇ. ಬಾಬ್ ಯಾನಿಸ್ ವಿನ್ಯಾಸ ಮಾಡಿದ 6581 ಎಂಬ ಮೊದಲ ಆವೃತ್ತಿ 12 ವೋಲ್ಟ್ ಬೇಡುತ್ತದೆ, ನಂತರದ 8580 ಆವೃತ್ತಿ 9 ವೋಲ್ಟ್ ಬೇಡುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿ ಪರೀಕ್ಷಿಸಬೇಡಿ, ಚಿಪ್ ಹಾಳಾಗುತ್ತದೆ. 6581ರ ಫಿಲ್ಟರ್ ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಬೇರೆಯಾಗಿ ಕೇಳಿಸುತ್ತದೆ. ಧ್ವನಿಮಟ್ಟ ಬದಲಿಸಿದಾಗ ಅದು ಹೊರಡಿಸುತ್ತಿದ್ದ ಟಕ್ ಎಂಬ ಸದ್ದನ್ನೇ ಬಳಸಿ ಸಂಗೀತಗಾರರು ದಾಖಲಿತ ಧ್ವನಿಯನ್ನು ನುಡಿಸಿದರು. 8580ರಲ್ಲಿ ಆ ದೋಷ ಬಹುಮಟ್ಟಿಗೆ ಸರಿಹೋದಾಗ ಹಳೆಯ ಆಟಗಳ ಧ್ವನಿ ಕ್ಷೀಣಿಸಿತು. ಯಾನಿಸ್ ಮತ್ತು ಶಾರ್ಪೆಂಟಿಯರ್ ಇಬ್ಬರೂ ಕಮೋಡೋರ್ 64ರ ನಂತರ ಹೊರನಡೆದು ಎನ್ಸೋನಿಕ್ ಎಂಬ ಸಂಗೀತ ವಾದ್ಯಗಳ ಕಂಪನಿಯ ಸ್ಥಾಪಕರಲ್ಲಿ ಸೇರಿದರು. ಯಂತ್ರ ಹಿಗ್ಗಾಮುಗ್ಗಾ ಮಾರಾಟವಾಗುತ್ತಿದ್ದ ಹೊತ್ತಿನಲ್ಲೇ ಅದನ್ನು ಸಾಧ್ಯವಾಗಿಸಿದವರು ಕಂಪನಿಯಲ್ಲಿ ಇರಲಿಲ್ಲ ಎಂಬುದನ್ನು ನಿಮ್ಮ ಬರಹದಲ್ಲಿ ಮರೆಯದೆ ದಾಖಲಿಸಿ.

ರೋಮ್ ಚಿಪ್ಪಿನಲ್ಲಿ ಮತ್ತು ಕವಚದ ಒಳಗೆ ಉಳಿದ ಹೆಸರುಗಳು

ಕೆಲವು ಸಾಕ್ಷ್ಯಗಳು ರೋಮ್‌ನಲ್ಲಿ, ಅಂದರೆ ಯಂತ್ರದ ಸ್ಥಿರ ಪ್ರೋಗ್ರಾಮುಗಳಿರುವ ಚಿಪ್ಪಿನಲ್ಲಿ, ಅಡಗಿದ್ದು ಯಂತ್ರ ನಡೆದಾಗ ಮಾತ್ರ ಹೊರಬರುತ್ತವೆ. ಕಮೋಡೋರ್ 128 ಯಂತ್ರದಲ್ಲಿ ಎಸ್‌ವೈಎಸ್ ಆಜ್ಞೆಯ ಮುಂದೆ 32800,123,45,6 ಎಂದು ಕೊಟ್ಟರೆ ಅದನ್ನು ರೂಪಿಸಿದ ಬಿಲ್ ಹರ್ಡ್, ಫ್ರೆಡ್ ಬೋವೆನ್ ಮೊದಲಾದವರ ಹೆಸರುಗಳು ಪರದೆಯಲ್ಲಿ ಮೂಡುತ್ತವೆ. ಅದೇ ಯಂತ್ರ ಆರಂಭವಾದಾಗ ಮೈಕ್ರೋಸಾಫ್ಟ್‌ನ 1977ರ ಹಕ್ಕುಸ್ವಾಮ್ಯದ ಸಾಲು ಕಾಣುತ್ತದೆ. ಕಮೋಡೋರ್ 64ರಲ್ಲಿ ಆ ಸಾಲೇ ಇಲ್ಲ, ಅದರ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯೂ ಅದೇ ಮೂಲದಿಂದ ಬಂದದ್ದೇ ಆದರೂ. ಕಮೋಡೋರ್‌ನ ಆರಂಭದ ಕಂಪ್ಯೂಟರಾದ ಪೆಟ್ ಯಂತ್ರದ ಎರಡನೆಯ ಆವೃತ್ತಿಯ ಬೇಸಿಕ್‌ನಲ್ಲಿ ವೇಟ್ 6502,1 ಎಂದು ಕೊಟ್ಟರೆ ಮೈಕ್ರೋಸಾಫ್ಟ್‌ನ ಹೆಸರು ಮೂಡುವಂತೆ ಗುಟ್ಟಾಗಿ ಸೇರಿಸಲಾಗಿತ್ತು. ಬೇಸಿಕ್ ಭಾಷೆಯನ್ನು ಪ್ರತಿ ಯಂತ್ರಕ್ಕೆ ಇಷ್ಟು ಎಂಬ ಕರಾರಿಲ್ಲದೆ ಒಂದೇ ಬಾರಿಯ ಶುಲ್ಕಕ್ಕೆ ಪಡೆದ ಟ್ರಮಿಯೆಲ್ ಅವರ ವ್ಯವಹಾರಜ್ಞಾನದ ಜೊತೆಗೆ ಈ ಗುರುತುಗಳನ್ನು ಇಟ್ಟು ಓದಬೇಕು.

ಅಮಿಗಾ 1000 ಯಂತ್ರದ ಮೇಲುಕವಚವನ್ನು ತೆಗೆದು ಮಗುಚಿದರೆ ಒಳಭಾಗದಲ್ಲಿ ತಯಾರಕ ತಂಡದ ಸಹಿಗಳು ಅಚ್ಚಾಗಿವೆ. ವಿನ್ಯಾಸಕ ಜೇ ಮೈನರ್ ಅವರ ನಾಯಿ ಮಿಚಿಯ ಪಂಜದ ಗುರುತೂ ಅವುಗಳ ನಡುವೆ ಇದೆ. ಇದು ಮುದ್ದಾದ ಸಂಗತಿಯಷ್ಟೇ ಅಲ್ಲ, ಈ ಯಂತ್ರ ಕಮೋಡೋರ್‌ನೊಳಗೆ ಹುಟ್ಟಿದ್ದಲ್ಲ ಎಂಬುದರ ಗುರುತು. ಟ್ರಮಿಯೆಲ್ 1984ರ ಜನವರಿಯಲ್ಲಿ ಕಮೋಡೋರ್ ಬಿಟ್ಟು, ಅದೇ ಜುಲೈಯಲ್ಲಿ ಅಟಾರಿಯ ಗ್ರಾಹಕ ವಿಭಾಗವನ್ನು ಕೊಂಡರು. ಕಮೋಡೋರ್ ಅದೇ ಆಗಸ್ಟ್‌ನಲ್ಲಿ ಅಮಿಗಾ ಎಂಬ ಚಿಕ್ಕ ಕಂಪನಿಯನ್ನು ಕೊಂಡಿತು. ಅಲ್ಲಿನ ಜೇ ಮೈನರ್ ಹಿಂದೆ ಅಟಾರಿಗೆ ಚಿಪ್ ವಿನ್ಯಾಸ ಮಾಡಿದವರು. 1985ರ ಜುಲೈ 23ರಂದು ನ್ಯೂಯಾರ್ಕಿನಲ್ಲಿ ಅನಾವರಣಗೊಂಡ ಅಮಿಗಾ 1000ರ ಆಗ್ನಸ್, ಡೆನಿಸ್, ಪೌಲಾ ಚಿಪ್‌ಗಳು ಹೊರಗೆ ಹುಟ್ಟಿದ ವಿನ್ಯಾಸಗಳಾದರೂ ಮಾಸ್ ಕಾರ್ಖಾನೆಯಲ್ಲೇ ತಯಾರಾದವು. ಎಳೆ ಇಲ್ಲಿ ಇನ್ನೂ ಕಡಿದಿಲ್ಲ.

ಮಾರಾಟದ ಸಂಖ್ಯೆಗಳನ್ನು ನಂಬುವ ಮೊದಲು

ಕಮೋಡೋರ್ 64 ಎಷ್ಟು ಮಾರಾಟವಾಯಿತು ಎಂಬ ಪ್ರಶ್ನೆಗೆ 1.7 ಕೋಟಿ, 2.2 ಕೋಟಿ, 3 ಕೋಟಿ ಎಂಬ ಉತ್ತರಗಳು ಬಹುಕಾಲ ಚಲಾವಣೆಯಲ್ಲಿದ್ದವು. ಉಳಿದಿರುವ ಯಂತ್ರಗಳ ಸರಣಿ ಸಂಖ್ಯೆಗಳನ್ನು ಒಟ್ಟುಮಾಡಿ ನಡೆಸಿದ ವಿಶ್ಲೇಷಣೆ ಸುಮಾರು 1.25 ಕೋಟಿ ಎಂಬ ಅಂದಾಜಿಗೆ ಬಂದು ನಿಂತಿತು. ಅದಾದರೂ ದೊಡ್ಡ ಸಂಖ್ಯೆಯೇ. ಈ ವಿಧಾನವನ್ನು ನೀವೂ ಸಣ್ಣ ಪ್ರಮಾಣದಲ್ಲಿ ಬಳಸಬಹುದು: ಯಂತ್ರದ ಅಡಿಯ ಚೀಟಿಯ ಸಂಖ್ಯೆ, ತಯಾರಾದ ದೇಶ, ಒಳಗಿನ ಚಿಪ್‌ಗಳಿಂದ ಸಿಕ್ಕ ದಿನಾಂಕ ಈ ಮೂರನ್ನು ಜೊತೆಗೂಡಿಸಿ ಪಟ್ಟಿ ಮಾಡುತ್ತ ಹೋದರೆ, ಯಾವ ತಿಂಗಳಿಗೆ ಯಾವ ಸಂಖ್ಯೆ ತಲುಪಿತ್ತು ಎಂಬುದು ಗೋಚರಿಸತೊಡಗುತ್ತದೆ. ಅಮೆರಿಕ, ಜರ್ಮನಿ, ಇಂಗ್ಲೆಂಡ್, ಹಾಂಗ್‌ಕಾಂಗ್ ಸರಣಿಗಳನ್ನು ಒಂದೇ ಸಾಲಿಗೆ ಬೆರೆಸಬೇಡಿ. ಚೀಟಿ ಮತ್ತು ಬೋರ್ಡು ಒಂದೇ ಯಂತ್ರದವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಕಾಗದ ಮತ್ತು ಮಾತು

ಬೋರ್ಡು ಏನಾಯಿತು ಎಂದು ಹೇಳುತ್ತದೆ, ಏಕಾಯಿತು ಎಂಬುದಕ್ಕೆ ಮನುಷ್ಯರ ಬಳಿಗೇ ಹೋಗಬೇಕು. ಷೇರುದಾರರಿಗೆ ಕೊಟ್ಟ ವಾರ್ಷಿಕ ವರದಿ, ದುರಸ್ತಿ ಕೈಪಿಡಿ, ಪೇಟೆಂಟ್ ಅರ್ಜಿ, ಅಂದಿನ ಪತ್ರಿಕೆಯ ಜಾಹೀರಾತು ಇವು ಆ ಕಾಲದಲ್ಲೇ ಬರೆದವು. ಅಭಿಯಂತರರ ಸಂದರ್ಶನಗಳು ಹತ್ತಿಪ್ಪತ್ತು ವರ್ಷಗಳ ನಂತರದವು. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2007ರಲ್ಲಿ ಕಮೋಡೋರ್ 64ರ 25ನೆಯ ವರ್ಷದ ಸಂದರ್ಭದಲ್ಲಿ ಟ್ರಮಿಯೆಲ್ ಅವರನ್ನೇ ವೇದಿಕೆಗೆ ಕರೆದು ಮಾತನಾಡಿಸಿತು. ಇಂಥ ನೆನಪುಗಳು ಅಮೂಲ್ಯವಾದವು, ಆದರೆ ಅವುಗಳಲ್ಲಿ ದಿನಾಂಕಗಳು ಜಾರುತ್ತವೆ, ಜಗಳಗಳು ಚೂಪಾಗುತ್ತವೆ. ಕಾರಣವನ್ನು ಸಂದರ್ಶನದಿಂದ, ದಿನಾಂಕವನ್ನು ಕಾಗದದಿಂದ, ಎರಡರ ಪರೀಕ್ಷೆಯನ್ನು ಬೋರ್ಡಿನಿಂದ ಮಾಡಿಕೊಳ್ಳುವುದು ನಾನು ಶಿಫಾರಸು ಮಾಡುವ ಕ್ರಮ.

ಪರಿಸರ ಇಲಾಖೆಯ ಕಡತಗಳನ್ನು ಹೆಚ್ಚಿನವರು ತೆರೆದೇ ನೋಡುವುದಿಲ್ಲ. ಮಾಸ್ ಕಾರ್ಖಾನೆಯ ನೆಲದಡಿಯ ತೊಟ್ಟಿಯಿಂದ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ಸೋರಿ ಅಂತರ್ಜಲ ಸೇರಿತ್ತು. 1989ರಲ್ಲಿ ಆ ಜಾಗ ಅಮೆರಿಕದ ಸೂಪರ್‌ಫಂಡ್ ಶುದ್ಧೀಕರಣ ಪಟ್ಟಿಗೆ ಸೇರಿತು. ಅಗ್ಗದ ಚಿಪ್ಪಿಗೆ ಯಾರು ಬೆಲೆ ತೆತ್ತರು ಎಂಬುದೂ ಕಂಪನಿಯ ಇತಿಹಾಸದ ಭಾಗವೇ, ಅದನ್ನು ಅಡಿಟಿಪ್ಪಣಿಗೆ ತಳ್ಳುವುದು ನ್ಯಾಯವಲ್ಲ.

ಕೊನೆಯ ದಿನಾಂಕವನ್ನು ಆರಿಸುವುದು

ಕಮೋಡೋರ್ 1994ರ ಏಪ್ರಿಲ್ 29ರಂದು ವ್ಯವಹಾರ ಮುಚ್ಚುವುದಾಗಿ ಪ್ರಕಟಿಸಿತು. ಅದರ ಆಸ್ತಿಯನ್ನು 1995ರಲ್ಲಿ ಜರ್ಮನಿಯ ಎಸ್ಕಾಮ್ ಎಂಬ ಕಂಪ್ಯೂಟರ್ ಕಂಪನಿ ಕೊಂಡಿತು, 1996ರಲ್ಲಿ ಎಸ್ಕಾಮ್ ತಾನೇ ದಿವಾಳಿಯಾಯಿತು, 1997ರಲ್ಲಿ ಅಮಿಗಾ ಗೇಟ್‌ವೇ ಕಂಪನಿಯ ಪಾಲಾಯಿತು. ಇವುಗಳಲ್ಲಿ ಯಾವುದನ್ನು ಅಂತ್ಯವೆಂದು ಕರೆಯಬೇಕೆಂಬುದು ನೀವು ಆರಂಭದಲ್ಲಿ ಹಿಡಿದ ಎಳೆಯನ್ನು ಅವಲಂಬಿಸಿದೆ. ಬ್ರಾಂಡಿನ ಕಥೆ ಬರೆಯುವವರು ಇನ್ನೂ ಮುಂದಕ್ಕೆ ಹೋಗಬೇಕಾಗುತ್ತದೆ, ಷೇರುದಾರರ ಕಥೆ ಬರೆಯುವವರು 1994ರಲ್ಲಿ ನಿಲ್ಲಬಹುದು.

ಚಿಪ್ ಕಾರ್ಖಾನೆಯ ಎಳೆ ಹಿಡಿದವರು ಮೊದಲು 1992ರ ಅಮಿಗಾ 1200 ಮತ್ತು 4000ರ ಬಳಿ ನಿಲ್ಲಬೇಕು. ಅವುಗಳ ಚಿತ್ರ ಚಿಪ್ ಲೀಸಾ ತಯಾರಾದದ್ದು ಹ್ಯೂಲೆಟ್-ಪ್ಯಾಕರ್ಡ್‌ನಲ್ಲಿ, ಏಕೆಂದರೆ ಅಷ್ಟು ಸೂಕ್ಷ್ಮವಾದ ಚಿಪ್ ಮಾಡುವ ಸಾಮರ್ಥ್ಯ ಕಮೋಡೋರ್‌ನ ಹಳೆಯ ಕಾರ್ಖಾನೆಗೆ ಉಳಿದಿರಲಿಲ್ಲ. 1976ರಲ್ಲಿ ಯಾವ ಅವಲಂಬನೆಯನ್ನು ತಪ್ಪಿಸಿಕೊಳ್ಳಲು ಕಾರ್ಖಾನೆ ಕೊಂಡಿದ್ದರೋ ಅದೇ ಅವಲಂಬನೆ 16 ವರ್ಷಗಳ ನಂತರ ಮರಳಿ ಬಂದಿತ್ತು. ಕಂಪನಿ ಮುಳುಗಿದ ಮೇಲೆ ಕಾರ್ಖಾನೆಯನ್ನು ಅದರ ಹಿಂದಿನ ವ್ಯವಸ್ಥಾಪಕರೇ ಕೊಂಡು ಜಿಎಂಟಿ ಮೈಕ್ರೋಎಲೆಕ್ಟ್ರಾನಿಕ್ಸ್ ಎಂಬ ಹೆಸರಿನಲ್ಲಿ ನಡೆಸಿದರು, 2001ರಲ್ಲಿ ಅದೂ ಮುಚ್ಚಿತು. ಹೀಗಾಗಿ ಈ ಎಳೆಯನ್ನು ಹಿಡಿದ ಬರಹದ ಕೊನೆಯ ದಿನಾಂಕವಾಗಿ 1994ರ ಬದಲು 2001ನ್ನು ಹಾಕಿ, ಅದಕ್ಕೆ ಕಾರಣವನ್ನೂ ಅಲ್ಲಿಯೇ ಬರೆಯಿರಿ.